ಬೆಳ್ಳಿಚುಕ್ಕಿಯ ಕಂಬಳಿ

ಕೇಳುಗರಿಗೆಲ್ಲ ನಮಸ್ಕಾರ.

ರೇಡಿಯೊ ಪಕ್ಕದಲ್ಲೇ ಪುಸ್ತಕ ಹಿಡಿದು ಕೂತಿರುವ ಮಕ್ಕಳಿಗೆ ಮೊದಲು ಒಂದು ಪ್ರಶ್ನೆ. ಸೂರ್ಯನ ಸುತ್ತ ತಿರುಗುವ ಗ್ರಹಗಳಲ್ಲಿ ಎಲ್ಲಕ್ಕಿಂತ ಬಿಸಿ ಯಾವುದು?

ಬುಧ ಅಂದಿರಿ, ಅಲ್ವಾ? ಯಾವ ಊರಿನ ಶಾಲೆಗೆ ಹೋದರೂ ನನಗೆ ಸಿಗುವುದು ಇದೇ ಉತ್ತರ. ಒಲೆಗೆ ಹತ್ತಿರ ಕೂತವರಿಗೇ ಕಾವು ಜಾಸ್ತಿ ಅನ್ನುವುದು ನಮ್ಮ ಲೆಕ್ಕ. ಆದರೆ ಸರಿ ಉತ್ತರ ಶುಕ್ರ. ನಮ್ಮ ಬೆಳ್ಳಿಚುಕ್ಕಿ! ಒಲೆ ಎಷ್ಟು ಹತ್ತಿರ ಅನ್ನುವುದಕ್ಕಿಂತ, ಹೊದ್ದ ಕಂಬಳಿ ಎಷ್ಟು ದಪ್ಪ ಅನ್ನುವುದು ಮುಖ್ಯ. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ ಮಾತು.

ಒಲೆಯ ವಿಷಯ ಬೇಗ ಮುಗಿಸುತ್ತೇನೆ. ಸೂರ್ಯನಲ್ಲಿ ಸೌದೆಯ ಹಾಗೆ ಏನೂ ಉರಿಯುತ್ತಿಲ್ಲ. ಒಡಲಿನಲ್ಲಿ ಒಂದೂವರೆ ಕೋಟಿ ಡಿಗ್ರಿ ಶಾಖ. ಆ ಶಾಖಕ್ಕೆ ಹೈಡ್ರೋಜನ್ ಬೆಸೆದುಕೊಂಡು ಹೀಲಿಯಂ ಆಗುತ್ತದೆ. ಬೆಳಕು ಹುಟ್ಟುವುದು ಅಲ್ಲಿ. ಸೂರ್ಯನ ಅಗಲಕ್ಕೆ 109 ಭೂಮಿಗಳನ್ನು ಸಾಲಾಗಿ ಜೋಡಿಸಬಹುದು. ನಮಗೂ ಅವನಿಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರ್. ಈಗ ನಿಮ್ಮ ಅಂಗಳಕ್ಕೆ ಬಿದ್ದ ಬಿಸಿಲು ಅಲ್ಲಿಂದ ಹೊರಟು 8 ನಿಮಿಷ ಆಗಿದೆ.

ಇನ್ನು ಬೆಳ್ಳಿಚುಕ್ಕಿ. 2004ರ ಜೂನ್ 8, ಮಂಗಳವಾರ. ಅವತ್ತು ಶುಕ್ರ ಸೂರ್ಯನ ಮುಂದೆ ಹಾದು ಹೋಗುವುದಿತ್ತು. 1882ರ ನಂತರ ಅದೇ ಮೊದಲು. ಉತ್ತರ ಕರ್ನಾಟಕದ ಒಂದು ಹಳ್ಳಿ ಶಾಲೆಗೆ ನನ್ನ ಮೂರಿಂಚಿನ ದೂರದರ್ಶಕ ಹೊತ್ತುಕೊಂಡು ಹೋಗಿದ್ದೆ. ಬೆಳಗಿನಿಂದ ನನ್ನ ಕಣ್ಣೆಲ್ಲ ಮೋಡದ ಮೇಲೇ. ಮುಂಗಾರಿನ ದಿನಗಳು ನೋಡಿ. ಹತ್ತು ಗಂಟೆಗೆ ಬಿಸಿಲು ಬಂತು. ಬಿಳಿ ಡ್ರಾಯಿಂಗ್ ಹಾಳೆ ಹಿಡಿದು ಸೂರ್ಯನ ಬಿಂಬ ಬೀಳಿಸಿದೆವು. ತಟ್ಟೆಯಷ್ಟು ಅಗಲ ಇತ್ತು. ಹತ್ತೂಮುಕ್ಕಾಲು ದಾಟುತ್ತಿದ್ದಂತೆ ಅದರ ಅಂಚನ್ನು ಯಾರೋ ಚೂರು ಕಚ್ಚಿದ ಹಾಗೆ ಆಯಿತು. ಸ್ವಲ್ಪ ಹೊತ್ತಿಗೆ ಕಚ್ಚಿದ ಗುರುತು ಪೂರ್ತಿ ಒಳಗೆ ಬಂದು, ಕರಿಮೆಣಸಿನ ಕಾಳಿನಷ್ಟು ದುಂಡಗಿನ ಕಪ್ಪು ಚುಕ್ಕೆಯಾಗಿ ನಿಂತಿತು. ಮಕ್ಕಳ ಕೂಗು ಊರಿಗೆಲ್ಲ ಕೇಳಿಸಿರಬೇಕು.

ಆ ಗದ್ದಲಕ್ಕೆ ಬಿಸಿಯೂಟದ ಅಡುಗೆ ಮಾಡುವ ಅಜ್ಜಿ ಕೈ ಒರೆಸಿಕೊಳ್ಳುತ್ತಾ ಬಂದರು. ಹಾಳೆಯನ್ನು ಬಹಳ ಹೊತ್ತು ನೋಡಿದರು. "ತಮ್ಮಾ, ಮೊನ್ನೆ ಮೊನ್ನೆತನಕ ಸಂಜೀಮುಂದ ಫಳಫಳ ಹೊಳೀತಿತ್ತು. ಇವತ್ತ್ಯಾಕ ಕರ್ರಗ ಆಗೇತಿ?" ಅಂದರು. ಎಂಥ ಪ್ರಶ್ನೆ! ದೊಡ್ಡ ದೊಡ್ಡ ಸಭೆಗಳಲ್ಲೂ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಅಜ್ಜಿ, ಶುಕ್ರಕ್ಕೆ ಸ್ವಂತ ಬೆಳಕಿಲ್ಲ. ಈಗ ಅದರ ಬೆನ್ನು ನಮ್ಮ ಕಡೆ ಇದೆ, ಕತ್ತಲೆಯ ಬದಿ. ಸಂಜೆ ಹೊಳೆಯುತ್ತಿದ್ದದ್ದು ಅದರ ಮೋಡ" ಅಂದೆ. ಶುಕ್ರವನ್ನು ಪೂರ್ತಿ ಮುಚ್ಚಿರುವುದು ಗಂಧಕಾಮ್ಲದ ಮೋಡ. ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲನ್ನು ಅದು ವಾಪಸ್ ಎಸೆಯುತ್ತದೆ. ಅಂದರೆ ನೆಲಕ್ಕೆ ತಲುಪುವ ಬಿಸಿಲು ತೀರಾ ಕಡಿಮೆ. ಆದರೂ ಅಲ್ಲಿ 465 ಡಿಗ್ರಿ. ಸೀಸ ಕರಗಿ ಹರಿಯುವಷ್ಟು ಕಾವು! ಯಾಕೆ? ಕಂಬಳಿ. ನಮ್ಮ ಗಾಳಿಗಿಂತ 90 ಪಟ್ಟು ಒತ್ತಡದ ಗಾಳಿ, ಅದರಲ್ಲಿ ನೂರಕ್ಕೆ 96 ಪಾಲು ಕಾರ್ಬನ್ ಡೈಆಕ್ಸೈಡ್. ಒಳಗೆ ಬಂದ ಸ್ವಲ್ಪ ಬಿಸಿಯನ್ನೂ ಅದು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಅಜ್ಜಿ ತಲೆ ಆಡಿಸಿ, "ಹಂಗಾರ ಅದು ಕಂಬಳಿ ಹೊದ್ದು ಕುಂತೇತಿ" ಅಂದರು. ಈ ಕಂಬಳಿಯ ಮಾತು ಅವರದ್ದೇ. ಅಂದಿನಿಂದ ಎಲ್ಲ ಕಡೆ ಇದನ್ನೇ ಹೇಳುತ್ತಾ ಬಂದಿದ್ದೇನೆ.

1982ರಲ್ಲಿ ಸೋವಿಯತ್ ನೌಕೆ ವೆನೆರಾ 13 ಅಲ್ಲಿ ಇಳಿಯಿತು. ಬದುಕಿದ್ದು 127 ನಿಮಿಷ.

ಬುಧ ಇದಕ್ಕೆ ತದ್ವಿರುದ್ಧ. ಸೂರ್ಯನಿಗೆ ಅಷ್ಟು ಹತ್ತಿರ, ಆದರೆ ಬರಿಮೈ. ಗಾಳಿ ಇದೆ ಅಂತ ಹೇಳುವಷ್ಟೂ ಇಲ್ಲ. ಹಗಲು 430 ಡಿಗ್ರಿ, ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ. ಬಿಸಿಲೇ ಕಾಣದ ಧ್ರುವದ ಕುಳಿಗಳಲ್ಲಿ ಮಂಜುಗಡ್ಡೆ ಇದೆ. ಒಲೆಯ ಬಾಯಲ್ಲಿ ಮಂಜುಗಡ್ಡೆ! ದಯವಿಟ್ಟು ಮಕ್ಕಳಿಗೆ ಗ್ರಹಗಳ ಹೆಸರು ಸುಮ್ನೆ ಉರು ಹೊಡೆಸಬೇಡಿ, ಇದನ್ನು ಹೇಳಿ.

ಮಂಗಳದ್ದು ಹರಿದ ಕಂಬಳಿ. ನಮ್ಮ ಗಾಳಿಯ ಒತ್ತಡದಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲಿಲ್ಲ, ಹಾಗಾಗಿ ಚಳಿ. ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಅದರ ಸುತ್ತ ತಿರುಗತೊಡಗಿತು. ಆ ಕಥೆಗೆ ಈಗ ಸಮಯ ಸಾಲದು. ಭೂಮಿಗೂ ಕಂಬಳಿ ಇದೆ, ತೆಳ್ಳಗಿನದು. ಅದು ಇಲ್ಲದಿದ್ದರೆ ಇಲ್ಲಿನ ಸರಾಸರಿ ಶಾಖ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಈಗ ಅದಕ್ಕೆ ನಾವೇ ದಿನವೂ ಇನ್ನಷ್ಟು ಕಾರ್ಬನ್ ಡೈಆಕ್ಸೈಡ್ ಸೇರಿಸುತ್ತಿದ್ದೇವೆ.

ಸೂರ್ಯನ ಮುಂದೆ ಶುಕ್ರ ಮತ್ತೆ ಹಾಯುವುದು 2117ರ ಡಿಸೆಂಬರ್‌ನಲ್ಲಿ. ಆದರೆ ಬೆಳ್ಳಿಚುಕ್ಕಿಯಾಗಿ ಅದು ಕೆಲವು ತಿಂಗಳು ಸಂಜೆ, ಕೆಲವು ತಿಂಗಳು ಬೆಳಗಿನ ಜಾವ ಕಾಣುತ್ತಲೇ ಇರುತ್ತದೆ. ಅದನ್ನು ಬರಿಗಣ್ಣಲ್ಲಿ ಎಷ್ಟು ಬೇಕಾದರೂ ನೋಡಿ. ಸೂರ್ಯನನ್ನು ಮಾತ್ರ ಬರಿಗಣ್ಣಲ್ಲಿ ನೋಡಬೇಡಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡೂ ಬೇಡ. ಒಂದು ಬಿಳಿ ಹಾಳೆ ಹಿಡಿದು ಬಿಂಬ ಬೀಳಿಸಿ ನೋಡಿ. ನಮಸ್ಕಾರ.