ಹುಲ್ಲು ಮೊದಲು, ದಾಣಿ ಆಮೇಲೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೈಸೂರಿನ ಟಾಂಗಾ ಓಡಿಸುವವರಿದ್ದೀರಿ, ಸವಾರಿ ಶಾಲೆಯ ಹುಡುಗರಿದ್ದೀರಿ, ತೋಟದ ಮನೆಯಲ್ಲಿ ಆಸೆಪಟ್ಟು ಒಂದೆರಡು ಕುದುರೆ ಸಾಕಿದವರೂ ಇದ್ದೀರಿ. ಎಲ್ಲರೂ ನನ್ನನ್ನು ಕೇಳುವುದು ಒಂದೇ: ಯಾವ ದಾಣಿ ಒಳ್ಳೆಯದು? ಹುರುಳಿಯಾ, ಓಟ್ಸಾ, ಮೆಕ್ಕೆಜೋಳವಾ? ಕೇಳಲೇಬೇಕಾದ ಪ್ರಶ್ನೆ. ಆದರೆ ಅದಕ್ಕೂ ಮೊದಲು, ಹುಲ್ಲು ಎಷ್ಟು ಹಾಕುತ್ತಿದ್ದೇನೆ, ಎಂಥ ಹುಲ್ಲು ಹಾಕುತ್ತಿದ್ದೇನೆ ಎಂದು ನೋಡಬೇಕು. ಕುದುರೆಗೆ ಹುಲ್ಲೇ ಊಟ. ದಾಣಿ ಎಲೆಯ ತುದಿಯಲ್ಲಿರುವ ಉಪ್ಪಿನಕಾಯಿ ಇದ್ದಹಾಗೆ.

ಯಾಕೆ ಅಂತೀರಾ? ಕುದುರೆಯ ಜಠರ ತುಂಬಾ ಚಿಕ್ಕದು. 450 ಕಿಲೋ ತೂಗುವ ಪ್ರಾಣಿಯ ಜಠರದಲ್ಲಿ 10ರಿಂದ 15 ಲೀಟರ್ ಮಾತ್ರ ಹಿಡಿಯುತ್ತದೆ. ಹಸುವಿನ ಹಾಗೆ ಮೆಲುಕು ಹಾಕಲು ಬರುವುದಿಲ್ಲ. ತಿಂದದ್ದು ಕೆಟ್ಟರೆ ವಾಂತಿ ಮಾಡಲೂ ಆಗುವುದಿಲ್ಲ. ಹುಲ್ಲಿನ ನಾರಿನಿಂದ ಶಕ್ತಿ ತೆಗೆಯುವ ಕೆಲಸವೆಲ್ಲ ನಡೆಯುವುದು ಹಿಂದಿನ ದೊಡ್ಡ ಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳಿಂದ. ಬಯಲಿಗೆ ಬಿಟ್ಟರೆ ಕುದುರೆ ದಿನಕ್ಕೆ 16 ಗಂಟೆಯವರೆಗೂ ಮೇಯುತ್ತಲೇ ಇರುತ್ತದೆ. ಅದಕ್ಕೆ ತಕ್ಕಂತೆ ಜಠರದಲ್ಲಿ ಹಗಲೂ ರಾತ್ರಿ ಆಮ್ಲ ಸುರಿಯುತ್ತಲೇ ಇರುತ್ತದೆ. ಆ ಆಮ್ಲವನ್ನು ತಣಿಸುವುದು ಜೊಲ್ಲು. ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಒಂದು ಕಿಲೋ ಒಣಹುಲ್ಲು ಮುಗಿಸಲು ಕುದುರೆಗೆ ಸುಮಾರು 40 ನಿಮಿಷ ಬೇಕು. ಒಂದು ಕಿಲೋ ಓಟ್ಸ್ 10 ನಿಮಿಷದಲ್ಲಿ ಖಾಲಿ. ಈಗ ಯೋಚನೆ ಮಾಡಿ. ಬೆಳಿಗ್ಗೆ ಮೂತಿಗೆ ಚೀಲ ಕಟ್ಟಿ ದಾಣಿ ಕೊಟ್ಟು, ಸಂಜೆವರೆಗೆ ಸುಮ್ನೆ ನಿಲ್ಲಿಸಿದರೆ ಆ ಹೊಟ್ಟೆಯ ಒಳಗೆ ಏನಾಗುತ್ತಿರಬೇಕು? ಹುಣ್ಣಾಗುತ್ತದೆ. ಕಟ್ಟೆ ಕಚ್ಚುವುದು, ಮರದ ಕಂಬ ತಿನ್ನುವುದನ್ನು ನಾವು ದುರಭ್ಯಾಸ ಎನ್ನುತ್ತೇವೆ. ಬಹಳ ಸಲ ಅದು ಹುಲ್ಲು ಕೇಳುತ್ತಿರುತ್ತದೆ, ಅಷ್ಟೇ.

ಇನ್ನೊಂದು ಕಡೆ, ಒಂದೇ ಹೊತ್ತಿಗೆ ದಾಣಿ ಜಾಸ್ತಿ ಸುರಿದರೆ ಪಿಷ್ಟ ಪೂರ್ತಿ ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಹುಳಿಯೇರುತ್ತದೆ. ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ವಿಷ ರಕ್ತಕ್ಕೆ ಸೇರುತ್ತದೆ. ಶೂಲೆ ಬರುವುದು ಹೀಗೆ. ಗೊರಸಿನ ಒಳಗೆ ಉರಿ ಹತ್ತಿ ಕುದುರೆ ಕಾಲೂರಲಾರದೆ ನಿಲ್ಲುವ ಲ್ಯಾಮಿನೈಟಿಸ್ ಬರುವುದೂ ಹೀಗೆಯೇ. ಪ್ರೀತಿಯಿಂದ ಕೊಟ್ಟ ಎರಡು ಸೇರು ಹೆಚ್ಚಿನ ಕಾಳು ಗೊರಸನ್ನು ಕೊಲ್ಲಬಹುದು.

ನಮ್ಮ ದಕ್ಷಿಣದಲ್ಲಿ ಇದು ಹಳೆಯ ಕಥೆ. 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಗೆ ಬಂದ ಮಾರ್ಕೋ ಪೋಲೋ ಒಂದು ಮಾತು ಹೇಳಿದ್ದಾನೆ: ಇಲ್ಲಿಯವರು ಕುದುರೆಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ, ಅದಕ್ಕೇ ಅವು ಉಳಿಯುವುದಿಲ್ಲ ಎಂದು. ವಿಜಯನಗರದ ಅರಸರು ಪರ್ಷಿಯಾ ಕೊಲ್ಲಿಯ ಬಂದರು ಹೊರ್ಮುಜ್‌ನಿಂದ ಕುದುರೆ ತರಿಸುತ್ತಿದ್ದರು. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಷ್ಟು ಹಣ ಸುರಿದು ತಂದ ಪ್ರಾಣಿ ಅದು! ಕುದುರೆ ಸಾಯಲು ಹವೆ, ರೋಗ, ದೂರದ ಪ್ರಯಾಣ ಎಲ್ಲವೂ ಕಾರಣ ಇರಬಹುದು. ಆದರೆ ಗೋದಲಿಯಲ್ಲಿ ಏನು ಬಿತ್ತು ಎಂಬುದೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಆ ಕುದುರೆಗಳನ್ನು ನೆನೆದರೆ ಸಂಕಟವಾಗುತ್ತದೆ.

ಈಗ ಹುಲ್ಲಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಹೆಚ್ಚು ಎಡವುವುದು ಇಲ್ಲೇ. ಹಸು ಸಾಕುವವರ ಹೊಲದಲ್ಲಿ ನೇಪಿಯರ್ ಹುಲ್ಲು ಹುಲುಸಾಗಿ ಬೆಳೆದಿರುತ್ತದೆ. ಅಗ್ಗಕ್ಕೆ ಸಿಗುತ್ತದೆ. ಹಸುವಿಗೆ ಒಳ್ಳೆಯದು ಅಂದಮೇಲೆ ಕುದುರೆಗೂ ಆದೀತು ಅನ್ನಿಸುವುದು ಸಹಜ. ಆದರೆ ನೇಪಿಯರ್‌ನಲ್ಲಿ ಆಕ್ಸಲೇಟ್ ಎಂಬ ಅಂಶವಿದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಕುದುರೆಯಲ್ಲಿ ಅದು ಸಣ್ಣ ಕರುಳಿನಲ್ಲೇ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಹಿಡಿದು ಲದ್ದಿಯ ಜೊತೆ ಹೊರಗೆ ಕಳಿಸಿಬಿಡುತ್ತದೆ. ಇದರ ಮೇಲೆ ನಾವು ಬಕೆಟ್ ತುಂಬಾ ಗೋಧಿ ಬೂಸಾ ಕೊಡುತ್ತೇವೆ. ಬೂಸಾದಲ್ಲಿ ರಂಜಕ ವಿಪರೀತ, ಕ್ಯಾಲ್ಸಿಯಂ ತೀರಾ ಕಡಿಮೆ. ಕುದುರೆಯ ಒಟ್ಟು ಮೇವಿನಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು, ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಚೆನ್ನ. ಇಲ್ಲಿ ಲೆಕ್ಕ ಪೂರ್ತಿ ತಿರುಗಿತು. ಆಗ ದೇಹ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ. ಮೊದಲು ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುತ್ತದೆ. ಲಾಳ ಕಟ್ಟುವವನನ್ನು ಬೈಯುತ್ತೇವೆ. ಆಮೇಲೆ ದವಡೆ, ಮುಖದ ಮೂಳೆ ಎರಡೂ ಕಡೆ ಊದುತ್ತದೆ, ಹಲ್ಲು ಅಲ್ಲಾಡುತ್ತದೆ. ಅಷ್ಟು ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಹಾಗಾದರೆ ಏನು ಹಾಕಬೇಕು? ಗರಿಕೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಹಸಿಯಾಗಲಿ ಒಣಗಿಸಿದ್ದಾಗಲಿ. ರೋಡ್ಸ್ ಹುಲ್ಲು ಆಗುತ್ತದೆ. ಜೊತೆಗೆ ದಿನವೂ ಸ್ವಲ್ಪ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಪ್ರೋಟೀನೂ ಇದೆ. ಬೇರೆ ದಾರಿಯೇ ಇಲ್ಲದೆ ನೇಪಿಯರ್ ಕೊಡುವವರು ಲೂಸರ್ನ್ ಬಿಡಲೇಬೇಡಿ, ಖನಿಜ ಮಿಶ್ರಣ ಎಷ್ಟು ಬೇಕೆಂದು ವೈದ್ಯರನ್ನು ಕೇಳಿ. ಭತ್ತದ ಹುಲ್ಲು ಬರೀ ಹೊಟ್ಟೆ ತುಂಬಿಸುತ್ತದೆ, ಅದನ್ನೇ ನಂಬಬೇಡಿ. ಬೂಷ್ಟು ಹಿಡಿದ ಹುಲ್ಲು ಎಷ್ಟೇ ಅಗ್ಗವಾದರೂ ಬೇಡ.

ದಾಣಿಯ ವಿಷಯ ಬೇಗ ಮುಗಿಸುತ್ತೇನೆ. ಕಾಳುಗಳಲ್ಲಿ ಓಟ್ಸ್ ಸುರಕ್ಷಿತ. ಹುರುಳಿಯನ್ನು ನಮ್ಮ ಹಿರಿಯರು ನೆನೆಸಿ ಬೇಯಿಸಿ ಕೊಡುತ್ತಿದ್ದರು, ಅದು ಸರಿಯಾದ ಪದ್ಧತಿ. ಹಸಿ ಹುರುಳಿಯಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದೆ, ಬೆಂದರೆ ಅದು ಹೋಗುತ್ತದೆ. ಬೇಯಿಸಿದ್ದನ್ನು ಅವತ್ತೇ ಮುಗಿಸಿ, ಹುಳಿಯಾದದ್ದನ್ನು ಚೆಲ್ಲಿ. ಬೂಷ್ಟು ಹಿಡಿದ ಮೆಕ್ಕೆಜೋಳ ಕುದುರೆಯ ಮೆದುಳನ್ನೇ ಕರಗಿಸಬಲ್ಲದು. ಕೋಳಿ ಫೀಡ್ ಅಂತೂ ಲಾಯದ ಹತ್ತಿರವೂ ಬರಬಾರದು. ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕೋಳಿಗೆ ಏನೂ ಮಾಡುವುದಿಲ್ಲ, ಕುದುರೆಯ ಹೃದಯವನ್ನು ನಿಲ್ಲಿಸುತ್ತದೆ. ಯಾವ ಮೇವನ್ನೇ ಬದಲಿಸಿ, ಹತ್ತು ದಿನ ಹಿಡಿದು ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಒಳಗಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಅಷ್ಟು ಸಮಯ ಬೇಕು.

ನೀರು ಯಾವಾಗಲೂ ಮುಂದಿರಲಿ. ದಿನಕ್ಕೆ 25ರಿಂದ 40 ಲೀಟರ್ ಬೇಕು, ಬೇಸಿಗೆಯಲ್ಲಿ ಗಾಡಿ ಎಳೆಯುವ ಕುದುರೆಗೆ ಇನ್ನೂ ಜಾಸ್ತಿ. ಬೆವರಿನಲ್ಲಿ ಉಪ್ಪು ಹೋಗುತ್ತದೆ, ಅದಕ್ಕೆ ದಾಣಿಯಲ್ಲಿ ಒಂದೆರಡು ಚಮಚ ಉಪ್ಪು ಹಾಕಿ. ಮೇವು ಸರಿಯಿದ್ದೂ ಕುದುರೆ ಬಡವಾಗುತ್ತಿದ್ದರೆ ಬಾಯಿ ತೆರೆಸಿ ನೋಡಿಸಿ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿರಬಹುದು. ವರ್ಷಕ್ಕೊಮ್ಮೆ ಅರ ಹಾಕಿಸಿದರೆ ಸಾಕು.

ಎಷ್ಟು ಕೊಡಬೇಕು ಎನ್ನಲು ತೂಕ ಗೊತ್ತಿರಬೇಕು, ಅಲ್ವಾ? ದರ್ಜಿಯ ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರ್‌ನಲ್ಲಿ ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ. ಮತ್ತೆ ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ. ಬಂದದ್ದನ್ನು 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 140 ಇದ್ದರೆ ತೂಕ ಸುಮಾರು 265 ಕಿಲೋ. ಅಂಥ ಕುದುರೆಗೆ ದಿನಕ್ಕೆ 4 ಕಿಲೋಗೆ ಕಡಿಮೆಯಿಲ್ಲದ ಒಣಹುಲ್ಲು ಬೇಕು. ಹಸಿಹುಲ್ಲಾದರೆ 18ರಿಂದ 20 ಕಿಲೋ, ಏಕೆಂದರೆ ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ. ದಾಣಿ ಕೊಡುವುದಾದರೆ ಹೊತ್ತಿಗೆ ಒಂದು ಕಿಲೋ ಮೀರದಿರಲಿ, ಅದೂ ಹುಲ್ಲು ತಿಂದಾದ ಮೇಲೆ. ಟೇಪು ತಂದಿದ್ದೇನೆ, ಹೊರಗೆ ನಿಮ್ಮ ಕುದುರೆಗಳಿವೆ. ಬನ್ನಿ, ಒಂದೊಂದನ್ನೇ ಅಳೆದು ನೋಡೋಣ.