ತಂಗಿಯ ಕಾಯಿಲೆಗೆ ಒಂದು ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಒಲೆಯ ಮೇಲೆ ದೊಡ್ಡ ಪಾತ್ರೆ, ನೀರು ಕೊತಕೊತ ಕುದಿಯುತ್ತಿದೆ. ಒಳಗಿರುವುದು ಒಂದು ಪುಟ್ಟ ಹುಡುಗಿ ಮುದ್ದಿನಿಂದ ಸಾಕಿದ ಮೊಲ. 1987ರ ‘ಫೇಟಲ್ ಅಟ್ರಾಕ್ಷನ್’ ಸಿನಿಮಾ ನೋಡಿದವರು ಈ ದೃಶ್ಯ ಮರೆತಿರಲಾರರು. ಆ ಕೆಲಸ ಮಾಡುವ ಅಲೆಕ್ಸ್ ಪಾತ್ರದಲ್ಲಿದ್ದವರು ಅಮೆರಿಕದ ನಟಿ ಗ್ಲೆನ್ ಕ್ಲೋಸ್. ಜನ ಅಲೆಕ್ಸ್‌ಗೆ ಹೆದರಿದರು, ಅವಳನ್ನು ದ್ವೇಷಿಸಿದರು. ಮೊದಲು ತೆಗೆದ ಕೊನೆಯಲ್ಲಿ ಅವಳು ತಾನೇ ಜೀವ ಕಳೆದುಕೊಳ್ಳುತ್ತಿದ್ದಳು. ಬಿಡುಗಡೆಗೆ ಮುಂಚೆ ತೋರಿಸಿ ನೋಡಿದಾಗ ಪ್ರೇಕ್ಷಕರಿಗೆ ಅದು ಸಾಲಲಿಲ್ಲ, ಅವಳನ್ನು ಯಾರಾದರೂ ಕೊಲ್ಲಲೇಬೇಕಿತ್ತು. ಗ್ಲೆನ್ ಬೇಡವೇ ಬೇಡ ಎಂದರೂ ಕೊನೆ ಬದಲಾಯಿತು.

ಪಾತ್ರಕ್ಕೆ ತಯಾರಾಗುವಾಗ ಅವರು ಇಬ್ಬರು ಮನೋವೈದ್ಯರ ಹತ್ತಿರ ಮಾತಾಡಿದ್ದರು. ಅಲೆಕ್ಸ್‌ಗೆ ಮಾನಸಿಕ ಕಾಯಿಲೆ ಇರಬಹುದು ಅನ್ನುವ ಮಾತೇ ಅಲ್ಲಿ ಬರಲಿಲ್ಲವಂತೆ. ಗ್ಲೆನ್ ಮುಂದೆ ಎಷ್ಟೋ ದೊಡ್ಡ ಪಾತ್ರ ಮಾಡಿದರು. ಹಿಂದಿನದೂ ಸೇರಿ ಒಟ್ಟು ಎಂಟು ಸಲ ಆಸ್ಕರ್‌ಗೆ ಹೆಸರು ಹೋಯಿತು, ಪ್ರಶಸ್ತಿ ಮಾತ್ರ ಬರಲಿಲ್ಲ. ಅದಿರಲಿ.

ನನ್ನನ್ನು ಕಾಡುವುದು ಬೇರೆ ವಿಷಯ. ಆಗ ಅವರ ಸ್ವಂತ ತಂಗಿ ಜೆಸ್ಸಿಯೇ ಕಾಯಿಲೆಯಲ್ಲಿ ನರಳುತ್ತಿದ್ದರು, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕುಡಿತ, ಒಂದರ ಹಿಂದೆ ಒಂದು ಮುರಿದ ಮದುವೆ. ಅವಳ ಸ್ವಭಾವವೇ ಹಾಗೆ ಅಂದುಕೊಂಡು ಸುಮ್ಮನಿದ್ದರು. ಅಪ್ಪ ಡಾಕ್ಟರು, ಅದೂ 1976ರಲ್ಲಿ ಆಫ್ರಿಕಾದ ಜಾಯಿರ್‌ನಲ್ಲಿ, ಅಂದರೆ ಈಗಿನ ಕಾಂಗೋದಲ್ಲಿ, ಎಬೋಲಾ ಎಂಬ ಮಾರಕ ಸೋಂಕು ತಡೆಯಲು ದುಡಿದವರು. ಅಂಥ ಮನೆಯಲ್ಲೂ ಮನಸ್ಸಿನ ಕಾಯಿಲೆಯ ಬಗ್ಗೆ ಮಾತಿರಲಿಲ್ಲ ನೋಡಿ. ಮದುವೆ ಮಾಡಿದರೆ ಎಲ್ಲಾ ಸರಿಹೋಗುತ್ತೆ ಅಂತ ನಮ್ಮ ಕಡೆಯೂ ಹೇಳುತ್ತಾರೆ, ಅಲ್ವಾ?

ಮೊದಲು ಆಸ್ಪತ್ರೆ ಸೇರಿದ್ದು ಜೆಸ್ಸಿಯ ಮಗ ಕೇಲನ್. ಅವನದು ಸ್ಕಿಜೋಅಫೆಕ್ಟಿವ್ ಎಂಬ ಕಾಯಿಲೆ, ಅಂದರೆ ಭ್ರಮೆಯ ಜೊತೆಗೆ ಮನಸ್ಸಿನ ವಿಪರೀತ ಏರಿಳಿತವೂ ಇರುವಂಥದ್ದು. ಆಮೇಲೊಂದು ದಿನ, ವಯೋಮಿಂಗ್‌ನಲ್ಲಿ ಅಪ್ಪ ಅಮ್ಮನ ಮನೆಯಿಂದ ಹೊರಡುವ ಹೊತ್ತಿಗೆ ಜೆಸ್ಸಿ ಅಕ್ಕನ ಹತ್ತಿರ ಬಂದು, ಸಾಯುವ ಯೋಚನೆ ತಲೆಯಿಂದ ಹೋಗುತ್ತಿಲ್ಲ, ಸಹಾಯ ಮಾಡು ಎಂದರು. ಅದು ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉಬ್ಬಿ, ಕೆಲವು ಕಾಲ ಪೂರ್ತಿ ಕುಗ್ಗಿಹೋಗುವ ಕಾಯಿಲೆ ಎಂದು ಗೊತ್ತಾದಾಗ ಜೆಸ್ಸಿಗೆ ವಯಸ್ಸು 50ರ ಆಸುಪಾಸು. ಅಷ್ಟು ವರ್ಷ ಸುಮ್ನೆ ಕಳೆದುಹೋದವು ಎಂದರೆ ಹೊಟ್ಟೆ ಉರಿಯುತ್ತದೆ.

2009ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಅಕ್ಕತಂಗಿ ಇಬ್ಬರೂ ಬಿಳಿ ಟೀ ಶರ್ಟ್ ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತರು. ಜೆಸ್ಸಿಯ ಎದೆ ಮೇಲೆ ‘ಬೈಪೋಲಾರ್’, ಗ್ಲೆನ್ ಎದೆ ಮೇಲೆ ‘ಸಿಸ್ಟರ್’. ಸುತ್ತ ಅಂಥದೇ ಅಂಗಿ ತೊಟ್ಟ ರೋಗಿಗಳು, ಅವರ ಮನೆಯವರು. ಮನಸ್ಸಿನ ಕಾಯಿಲೆಯ ಬಗ್ಗೆ ಜನರಲ್ಲಿರುವ ಕೀಳು ಭಾವನೆ ಹೋಗಲಾಡಿಸಲು ದುಡಿಯುವ ‘ಬ್ರಿಂಗ್ ಚೇಂಜ್ ಟು ಮೈಂಡ್’ ಸಂಸ್ಥೆ ಶುರುವಾದದ್ದು ಹೀಗೆ. ಅಲೆಕ್ಸ್ ಪಾತ್ರ ಕಾಯಿಲೆಯವರ ಬಗ್ಗೆ ಭಯ ಹೆಚ್ಚಿಸಿತು ಎಂದು ಗ್ಲೆನ್ ಈಗ ಬಾಯಿಬಿಟ್ಟು ಹೇಳುತ್ತಾರೆ. ಇದು ಅವರ ಮೇಲಿನ ನನ್ನ ಗೌರವವನ್ನು ಇನ್ನೂ ಜಾಸ್ತಿ ಮಾಡಿದೆ.

ಒಂದು ನಂಬರ್ ಹೇಳುತ್ತೇನೆ, ಬರೆದುಕೊಳ್ಳಿ. 14416. ಇದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆಂದು ಇರುವ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗಾದರೂ ಸರಿ. ಮನೆಯವರ ಪರವಾಗಿ ನೀವೂ ಫೋನ್ ಮಾಡಬಹುದು.