ಹೆಣ್ಣಿಲಿ ಓಡಿತು, ಅದು ಲೆಕ್ಕಕ್ಕೇ ಬರಲಿಲ್ಲ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಶಾಲೆಗಳ ವಿಜ್ಞಾನ ಮೇಳದಲ್ಲಿ ಮಕ್ಕಳು ಇಷ್ಟಪಟ್ಟು ಮಾಡೋ ಪ್ರಾಜೆಕ್ಟ್ ಒಂದಿದೆ. ರಟ್ಟು ಕತ್ತರಿಸಿ ಅಂಕುಡೊಂಕು ದಾರಿ ಕಟ್ಟೋದು, ಕೊನೇಲಿ ತಿಂಡಿ ಇಡೋದು, ಬಿಳಿ ಇಲಿ ಬಿಟ್ಟು ಸ್ಟಾಪ್‌ವಾಚ್ ಒತ್ತೋದು. ಬೇಗ ಕಲಿಯೋದು ಗಂಡಿಲಿನಾ, ಹೆಣ್ಣಿಲಿನಾ? ಪ್ರಶ್ನೆ ನನಗೂ ಇಷ್ಟ. ಆದರೆ ಸ್ಟಾಪ್‌ವಾಚ್ ತೋರಿಸಿದ್ದನ್ನೇ ಉತ್ತರ ಅಂತ ಬರೆದುಬಿಡೋದನ್ನ ನಾನು ಒಪ್ಪಲ್ಲ.

ದೊಡ್ಡ ದೊಡ್ಡ ಲ್ಯಾಬ್‌ಗಳೇ ಇಲ್ಲಿ ಎಡವಿವೆ. ಇಲಿಗೆ ಒಂದು ಸದ್ದು ಕೇಳಿಸ್ತಾರೆ, ಬೆನ್ನಿಗೇ ಕಾಲಿಗೆ ಸಣ್ಣ ಶಾಕ್. ನಾಲ್ಕಾರು ಸಲ ಹೀಗಾದ್ರೆ, ಆಮೇಲೆ ಬರೀ ಸದ್ದಿಗೇ ಇಲಿ ಕಲ್ಲಿನ ಹಾಗೆ ಕೂತುಬಿಡುತ್ತೆ. ಎಷ್ಟು ಹೊತ್ತು ಕೂತರೆ ಅಷ್ಟು ಚೆನ್ನಾಗಿ ಕಲಿತಿದೆ ಅಂತ ಲೆಕ್ಕ. ದಶಕಗಳ ಕಾಲ ಇದೇ ಅಳತೆ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ರೆಬೆಕಾ ಶಾನ್ಸ್ಕಿ ಅವರ ತಂಡ ಕೂರದೇ ಇದ್ದ ಇಲಿಗಳ ಕಡೆಗೂ ಕಣ್ಣು ಹಾಯಿಸಿತು. ಸದ್ದು ಬಂದ ಕೂಡಲೇ ಕೆಲವು ಇಲಿಗಳು ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ಬಾಣದ ಹಾಗೆ ಚಿಮ್ಮುತ್ತಿದ್ದವು. ಹೆಣ್ಣುಗಳಲ್ಲಿ ನೂರಕ್ಕೆ ಸುಮಾರು 40 ಹೀಗೆ ಓಡಿದರೆ, ಗಂಡುಗಳಲ್ಲಿ ಬರೀ 10ರಷ್ಟು. ಇದು ಪ್ರಕಟವಾಗಿದ್ದು 2015ರಲ್ಲಿ. ಅವೂ ಪಾಠ ಕಲಿತಿದ್ದವು ಕಣ್ರೀ! ಕೂರೋ ಬದಲು ಓಡಿದವು ಅಷ್ಟೇ. ಅಷ್ಟಕ್ಕೇ ದಡ್ಡರ ಸಾಲಿಗೆ ಸೇರಿದವು. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತೆ.

ಇವು ರ‍್ಯಾಟ್, ದೊಡ್ಡ ಜಾತಿಯವು. ಚಿಟ್ಟಿಲಿ, ಅಂದ್ರೆ ಮೌಸ್, ಅದರ ಕಥೆ ಬೇರೆ. ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಹಲಗೆ ಹುಡುಕೋ ಪರೀಕ್ಷೆಗಳನ್ನೆಲ್ಲ 2005ರಲ್ಲಿ ಒಟ್ಟಿಗೆ ಹಾಕಿ ನೋಡಿದಾಗ, ದೊಡ್ಡಿಲಿಗಳಲ್ಲಿ ಗಂಡು ಮುಂದಿತ್ತು, ಚಿಟ್ಟಿಲಿಗಳಲ್ಲಿ ಹೆಣ್ಣೇ ಒಂದು ಕೈ ಮೇಲು.

ಹೆಣ್ಣಿಲಿಗಳ ಆ ಓಟ ಇಷ್ಟು ವರ್ಷ ಯಾರಿಗೂ ಯಾಕೆ ಕಾಣಲಿಲ್ಲ? ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಇದ್ದದ್ದೇ ಗಂಡಿಲಿಗಳು. ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಹಾರ್ಮೋನು ಏರಿಳಿಯುತ್ತೆ, ಲೆಕ್ಕ ಕೆಡುತ್ತೆ ಅನ್ನೋ ನೆಪ. 2014ರಲ್ಲಿ 293 ಪ್ರಬಂಧಗಳನ್ನು ಜಾಲಾಡಿದಾಗ, ಹೆಣ್ಣು ಚಿಟ್ಟಿಲಿಗಳ ಅಂಕಿಗಳು ಗಂಡಿನವಕ್ಕಿಂತ ಹೆಚ್ಚೇನೂ ಏರುಪೇರಾಗಿರಲಿಲ್ಲ. ಅಮೆರಿಕದ ಎನ್‌ಐಎಚ್ (ವೈದ್ಯಕೀಯ ಸಂಶೋಧನೆಗೆ ಹಣ ಕೊಡೋ ಸರ್ಕಾರಿ ಸಂಸ್ಥೆ) ಎರಡೂ ಲಿಂಗದ ಪ್ರಾಣಿಗಳನ್ನು ಗಣನೆಗೆ ತಗೊಳ್ಳಿ ಅಂತ ನಿಯಮ ತಂದಿದ್ದು 2016ರಲ್ಲಿ.

ಇನ್ನೊಂದು ವಿಷಯ. ಇಲಿಯನ್ನು ಕೈಯಲ್ಲಿ ಹಿಡಿದವರು ಯಾರು ಅಂತಲೂ ಬರೆಯಬೇಕು. ಗಂಡಸು ತೊಟ್ಟ ಟೀ ಶರ್ಟಿನ ವಾಸನೆಗೇ ಇಲಿಗಳು ಒತ್ತಡಕ್ಕೆ ಬೀಳ್ತವೆ ಅಂತ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2014ರಲ್ಲೇ ತೋರಿಸಿದ್ದಾರೆ. ಒಂದು ದಿನ ಅಪ್ಪ, ಮಾರನೇ ದಿನ ಅಮ್ಮ ಇಲಿಯನ್ನ ಎತ್ತಿ ಬಿಟ್ಟರೆ, ನೀವು ಅಳೆದಿದ್ದು ಕಲಿಕೆನಾ, ಗಾಬರಿನಾ?

ಈ ಪ್ರಾಜೆಕ್ಟ್ ಮಾಡೋ ಮಕ್ಕಳೇ, ಸ್ಟಾಪ್‌ವಾಚ್ ಇರಲಿ. ಜೊತೆಗೆ ಮೇಲಿಂದ ಒಂದು ಫೋನ್ ಕಟ್ಟಿ ವಿಡಿಯೊ ಮಾಡಿ. ಆ ಹೆಣ್ಣಿಲಿ ತಿರುವಿನಲ್ಲಿ ನಿಂತು, ಮೂಗೆತ್ತಿ, ಹಿಂದೆ ತಿರುಗಿ ನೋಡಿತಲ್ಲ, ಆ ಹತ್ತು ಸೆಕೆಂಡು ಅದು ಏನು ಮಾಡ್ತಿತ್ತು ಅನ್ನೋದನ್ನೂ ನೋಟ್‌ಬುಕ್ಕಲ್ಲಿ ಬರೆದಿಡಿ.